ಬೀರುವಿನಲ್ಲಿದ್ದ ಪ್ರಬಂಧ ಲೆಕ್ಕಕ್ಕಿಲ್ಲ: ನ್ಯಾಕ್ ಬರುವ ಮುಂಚೆ ವಿಶ್ವವಿದ್ಯಾಲಯಗಳ ಡಿಜಿಟಲ್ ಭಂಡಾರ ಹೇಗೆ ಸಿದ್ಧವಾಗಬೇಕು?

ಶಿವಮೊಗ್ಗ: ಕಾಲೇಜಿನ ಗೋಡೆಗೆ ಹೊಸ ಬಣ್ಣ, ಗೇಟಿಗೆ ಹೊಸ ಬೋರ್ಡು, ಮೆಟ್ಟಿಲ ಪಕ್ಕ ಹೂವಿನ ಕುಂಡ ಕಂಡ್ರೆ ಪೇಟೆಯವರಿಗೂ ಗೊತ್ತಾಗಿಬಿಡುತ್ತೆ, ‘ನ್ಯಾಕ್‌ನೋರು ಬರ್ತಾ ಇದ್ದಾರೆ’ ಅಂತ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಫೈಲುಗಳ ರಾಶಿ ಬೀಳುತ್ತೆ. ಬೈಂಡಿಂಗ್ ಮಾಡೋರಿಗೆ ರಾತ್ರಿಯೂ ಕೆಲಸ. ಆದ್ರೆ ಈ ತಯಾರಿಯ ಒಂದು ಮುಖ್ಯ ಭಾಗ ರಸ್ತೆಯಲ್ಲಿ ಹೋಗೋರಿಗೆ ಕಾಣಿಸುವಂಥದ್ದಲ್ಲ. ಅದು ನಡೆಯೋದು ಗ್ರಂಥಾಲಯದ ಒಂದು ಮೂಲೆಯ ಕಂಪ್ಯೂಟರ್‌ನಲ್ಲಿ. ಹತ್ತಿಪ್ಪತ್ತು ವರ್ಷಗಳಲ್ಲಿ ವಿಶ್ವವಿದ್ಯಾಲಯ ಏನೇನು ಸಂಶೋಧನೆ ಮಾಡಿದೆ ಅನ್ನೋದನ್ನು ಒಂದೇ ಕಡೆ, ಹುಡುಕಿದರೆ ಸಿಗುವ ಹಾಗೆ ಜೋಡಿಸಿಡುವ ಕೆಲಸ ಅದು.

ಇದಕ್ಕೆ ರೆಪೊಸಿಟರಿ ಅಂತಾರೆ. ಕನ್ನಡದಲ್ಲಿ ಡಿಜಿಟಲ್ ಭಂಡಾರ ಅನ್ನಬಹುದು. ಇದು ಸರಿ ಇದ್ದರೆ ಮೌಲ್ಯಮಾಪನದಲ್ಲಿ ಹೇಳಿದ ಲೆಕ್ಕಕ್ಕೆ ಸಾಕ್ಷಿ ಸಿಗುತ್ತೆ. ಸರಿ ಇಲ್ಲದಿದ್ದರೆ ಮಾಡಿದ ಕೆಲಸವೂ ಮಾಡದ ಹಾಗೇ. ಇದು ಪ್ರೊಫೆಸರ್‌ಗಳ ತಲೆನೋವು, ತಾಲ್ಲೂಕಿನ ಜನರಿಗೇನು ಅಂತ ಅನ್ನಿಸಬಹುದು. ಮಕ್ಕಳ ಸೀಟು, ದೂರಶಿಕ್ಷಣದ ಕೋರ್ಸು, ಅಡಿಕೆ ತೋಟದ ರೋಗ, ಡಿಟಿಪಿ ಅಂಗಡಿಯ ಟೈಪಿಂಗ್ ಕೆಲಸ ಎಲ್ಲವೂ ಇದಕ್ಕೆ ತಗುಲಿಕೊಂಡಿವೆ.

ಮೌಲ್ಯಮಾಪನ ಮಾಡೋದು ಯಾರು?

ದೇಶದಲ್ಲಿ ಮುಖ್ಯವಾಗಿ ಎರಡು ವ್ಯವಸ್ಥೆಗಳಿವೆ. ಮೊದಲನೆಯದು ನ್ಯಾಕ್, ಅಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು. ಯುಜಿಸಿ ಇದನ್ನು 1994ರಲ್ಲಿ ಆರಂಭಿಸಿತು. ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ವಿಶ್ವವಿದ್ಯಾಲಯಕ್ಕೂ ನ್ಯಾಕ್ ಉಂಟು, ತಾಲ್ಲೂಕಿನ ಡಿಗ್ರಿ ಕಾಲೇಜಿಗೂ ಪ್ರತ್ಯೇಕ ನ್ಯಾಕ್ ಉಂಟು. 4ಕ್ಕೆ ಎಷ್ಟು ಅಂಕ ಅನ್ನೋದರ ಮೇಲೆ ಗ್ರೇಡ್ ಕೊಡುವ ಪದ್ಧತಿ ಎಲ್ಲರಿಗೂ ಪರಿಚಿತ. 3.51ರಿಂದ 4ರವರೆಗೆ ‘ಎ ಪ್ಲಸ್ ಪ್ಲಸ್’, 3.26ರಿಂದ 3.50ರವರೆಗೆ ‘ಎ ಪ್ಲಸ್’, 3.01ರಿಂದ 3.25ರವರೆಗೆ ‘ಎ’, ಹೀಗೆ ಇಳಿಯುತ್ತಾ ಹೋಗುತ್ತೆ. 1.50ಕ್ಕಿಂತ ಮೇಲೆ ಬರದಿದ್ದರೆ ಮಾನ್ಯತೆ ಇಲ್ಲ. ಈ ಗ್ರೇಡ್ ಪದ್ಧತಿಯಲ್ಲಿ 7 ಮಾನದಂಡಗಳಿವೆ. ಮೂರನೆಯದು ಸಂಶೋಧನೆ, ಆವಿಷ್ಕಾರ ಮತ್ತು ವಿಸ್ತರಣಾ ಚಟುವಟಿಕೆ. ವಿಶ್ವವಿದ್ಯಾಲಯಗಳಿಗೆ ಒಟ್ಟು 1000 ಅಂಕಗಳಲ್ಲಿ 250 ಇದೊಂದಕ್ಕೇ.

ಎರಡನೆಯದು ಎನ್‌ಐಆರ್‌ಎಫ್, ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್. ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಇದರಲ್ಲಿ ವಿಶ್ವವಿದ್ಯಾಲಯಗಳಿಗೆ 100ಕ್ಕೆ 30 ಅಂಕ ಸಂಶೋಧನೆಗೆ. ಎಷ್ಟು ಲೇಖನ ಪ್ರಕಟವಾಗಿವೆ, ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಪೇಟೆಂಟ್ ಎಷ್ಟು, ಪ್ರಾಜೆಕ್ಟ್ ಹಣ ಎಷ್ಟು ಅಂತ ನೋಡ್ತಾರೆ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮೊದಲ ಪಟ್ಟಿಯಿಂದಲೂ ಮೊದಲ ಸ್ಥಾನದಲ್ಲಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ದೇಶದಲ್ಲಿ ಮೊದಲಿಗೆ ಸಂಸ್ಥೆಯದೇ ಆದ ಡಿಜಿಟಲ್ ಭಂಡಾರ ಶುರು ಮಾಡಿದ್ದೂ ಇದೇ ಸಂಸ್ಥೆ, 2002ರಲ್ಲಿ.

ಗ್ರೇಡ್ ಬರೀ ಬೋರ್ಡಿಗೆ ಬರೆಯೋಕಲ್ಲ. ಮುಕ್ತ ವಿವಿಗಳನ್ನು ಬಿಟ್ಟು ಉಳಿದ ವಿಶ್ವವಿದ್ಯಾಲಯಗಳು ದೂರಶಿಕ್ಷಣ ನಡೆಸಬೇಕಾದರೆ ನ್ಯಾಕ್‌ನಲ್ಲಿ ಕನಿಷ್ಠ 3.01, ಆನ್‌ಲೈನ್ ಡಿಗ್ರಿ ಕೊಡಬೇಕಾದರೆ ಕನಿಷ್ಠ 3.26 ಇರಬೇಕು, ಇಲ್ಲದಿದ್ದರೆ ಎನ್‌ಐಆರ್‌ಎಫ್‌ನ ಮೊದಲ 100ರೊಳಗೆ ಬಂದಿರಬೇಕು ಅಂತ ಯುಜಿಸಿಯ 2020ರ ನಿಯಮ ಹೇಳುತ್ತೆ. ಅಂಗಡಿ ನೋಡಿಕೊಳ್ಳುತ್ತಾ ಮನೆಯಿಂದಲೇ ಎಂ.ಎ., ಎಂ.ಕಾಂ. ಮಾಡಬೇಕು ಅಂತಿರುವ ಹುಡುಗ ಹುಡುಗಿಯರಿಗೆ ಈ ಅಂಕ ನೇರವಾಗಿ ತಟ್ಟುತ್ತೆ.

ನಿಯಮ ಏನು ಹೇಳುತ್ತೆ?

ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು ಅನ್ನೋದನ್ನು ಯುಜಿಸಿ 2009ರ ನಿಯಮದಲ್ಲೇ ಕಡ್ಡಾಯ ಮಾಡಿತು. ಆ ಪ್ರಬಂಧಗಳೆಲ್ಲ ಹೋಗಿ ಸೇರುವ ಜಾಗ ‘ಶೋಧಗಂಗಾ’. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತೆ. ಈಗ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ.

2018ರಲ್ಲಿ ಕೃತಿಚೌರ್ಯ ತಡೆ ನಿಯಮ ಬಂತು. ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ತನ್ನ ವೆಬ್‌ಸೈಟ್‌ನಲ್ಲಿ ರೆಪೊಸಿಟರಿ ಇಟ್ಟು, ಪ್ರಬಂಧ, ಲೇಖನ, ಸಂಸ್ಥೆಯ ಪ್ರಕಟಣೆಗಳನ್ನು ಹಾಕಬೇಕು ಅಂತ ಅದರಲ್ಲೇ ಇದೆ. ಪದವಿ ಕೊಟ್ಟ ಒಂದು ತಿಂಗಳೊಳಗೆ ಪ್ರಬಂಧದ ಸಾಫ್ಟ್ ಕಾಪಿ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು ಅಂತಲೂ ಇದೆ.

ಅಂದ್ರೆ ಕಾಯಿದೆ ಹೊಸದೇನಲ್ಲ. ಕಷ್ಟ ಇರೋದು ಆಚರಣೆಯಲ್ಲಿ.

ಜಿಎಸ್‌ಟಿ ಬಿಲ್ಲಿನ ಹಾಗೇ ಇದೂ

ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥವಾಗುತ್ತೆ. ಮಾಲು ಕೊಂಡಿದ್ದೀರಿ, ತೆರಿಗೆ ಸೇರಿಸಿ ದುಡ್ಡೂ ಕೊಟ್ಟಿದ್ದೀರಿ. ಆದ್ರೆ ಕೊಟ್ಟವನು ಬಿಲ್ ಅಪ್‌ಲೋಡ್ ಮಾಡದೆ ಅದು ನಿಮ್ಮ 2ಬಿಯಲ್ಲಿ ಕಾಣಿಸದಿದ್ದರೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಗೋಡೌನಿನಲ್ಲಿ ಮಾಲು ಇದೆ ಅಂತ ಹೇಳಿದರೆ ಯಾರೂ ಕೇಳಲ್ಲ. ಜಿಎಸ್‌ಟಿ ನಂಬರ್ ತಪ್ಪಿದ್ರೂ ಕ್ರೆಡಿಟ್ ನಿಮ್ಮ ಖಾತೆಗೆ ಬರಲ್ಲ.

ಸಂಶೋಧನೆಯ ಲೆಕ್ಕವೂ ಹೀಗೇ. ನ್ಯಾಕ್‌ಗೆ ಸಂಸ್ಥೆ ಸ್ವಯಂ ಅಧ್ಯಯನ ವರದಿ ಕೊಡುತ್ತೆ. ಅದರಲ್ಲಿ ‘5 ವರ್ಷದಲ್ಲಿ ಇಷ್ಟು ಲೇಖನ’ ಅಂತ ಬರೆದರೆ ಪ್ರತಿಯೊಂದಕ್ಕೂ ದಾಖಲೆ, ಲಿಂಕ್ ತೋರಿಸಬೇಕು. ದತ್ತಾಂಶ ಪರಿಶೀಲನೆ ಅನ್ನೋ ಹಂತದಲ್ಲಿ ಅವನ್ನು ಹೊರಗಿನವರು ತಾಳೆ ನೋಡ್ತಾರೆ. ಲಿಂಕ್ ತೆರೆಯದಿದ್ದರೆ ಆ ಲೇಖನ ಲೆಕ್ಕದಿಂದ ಔಟ್.

ಎನ್‌ಐಆರ್‌ಎಫ್ ಇನ್ನೂ ಒಂದು ಹೆಜ್ಜೆ ಮುಂದೆ. ಲೇಖನಗಳ ಎಣಿಕೆಗೆ ಅದು ಸಂಸ್ಥೆಯ ಮಾತನ್ನೇ ನಂಬಿಕೊಂಡು ಕೂರಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಎರಡು ಅಂತರರಾಷ್ಟ್ರೀಯ ಸೂಚಿಗಳಿಂದ ನೇರವಾಗಿ ತಗೊಳ್ಳುತ್ತೆ. ಲೇಖನದಲ್ಲಿ ವಿಶ್ವವಿದ್ಯಾಲಯದ ಹೆಸರನ್ನು ಒಬ್ಬರು ಪೂರ್ತಿ ಬರೆದು, ಇನ್ನೊಬ್ಬರು ಬರೀ ಕ್ಯಾಂಪಸ್ಸಿನ ಹೆಸರು ಹಾಕಿದ್ದರೆ ಎರಡನೆಯದು ಕೈತಪ್ಪುವ ಸಾಧ್ಯತೆ ಇರುತ್ತೆ. ಸ್ವಂತ ರೆಪೊಸಿಟರಿಯಲ್ಲಿ ಪೂರ್ತಿ ಪಟ್ಟಿ ಇದ್ದರೆ ಆ ಸೂಚಿಗಳ ಜೊತೆ ತಾಳೆ ನೋಡಿ, ‘ನಮ್ಮದು ಇಷ್ಟು ಬಿಟ್ಟುಹೋಗಿದೆ’ ಅಂತ ಕೇಳಬಹುದು. ಪಟ್ಟಿಯೇ ಇಲ್ಲದಿದ್ದರೆ ಏನು ಬಿಟ್ಟುಹೋಗಿದೆ ಅಂತ ಗೊತ್ತಾಗೋದಾದ್ರೂ ಹೇಗೆ?

ಸಿದ್ಧತೆ ಅಂದ್ರೆ ಏನೇನು?

1. ಮೊದಲು ಎಣಿಕೆ. ಪ್ರತಿ ವಿಭಾಗದಲ್ಲಿ ಯಾವ ವರ್ಷ ಎಷ್ಟು ಪಿಎಚ್‌ಡಿ ಆಗಿದೆ, ಎಷ್ಟು ಲೇಖನ, ಪುಸ್ತಕ, ಅಧ್ಯಾಯ ಬಂದಿದೆ ಅಂತ ಪಟ್ಟಿ ಮಾಡಬೇಕು. ಪರೀಕ್ಷಾ ವಿಭಾಗದ ಪದವಿ ಪಟ್ಟಿ, ಗ್ರಂಥಾಲಯದ ಕಪಾಟು, ಶೋಧಗಂಗಾ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಕಡಿಮೆ ಬಿದ್ದಿದೆ ಅಂತ ತಿಳಿಯುತ್ತೆ.

2. ಹೆಸರಿನ ಗೊಂದಲ. ಕರ್ನಾಟಕದಲ್ಲಿ ಇನಿಷಿಯಲ್ ಮುಂದೆಯೂ ಬರುತ್ತೆ, ಹಿಂದೆಯೂ ಬರುತ್ತೆ. ಒಬ್ಬರೇ ಮಂಜುನಾಥ್ ಒಂದು ಲೇಖನದಲ್ಲಿ ‘ಎಚ್. ಮಂಜುನಾಥ್’, ಇನ್ನೊಂದರಲ್ಲಿ ‘ಮಂಜುನಾಥ ಎಚ್’. ಕಂಪ್ಯೂಟರಿಗೆ ಇವರು ಇಬ್ಬರು. ಇದಕ್ಕೆ ಮದ್ದು ಆರ್ಕಿಡ್ ಎಂಬ 16 ಅಂಕಿಯ ಸಂಖ್ಯೆ. ಸಂಶೋಧಕರಿಗೆ ಆಧಾರ್ ನಂಬರ್ ಇದ್ದ ಹಾಗೆ, ಉಚಿತವಾಗಿ ಸಿಗುತ್ತೆ. ಒಮ್ಮೆ ಮಾಡಿಸಿಕೊಂಡರೆ ಊರು ಬಿಟ್ಟರೂ, ಕೆಲಸ ಬದಲಾದರೂ ಅದೇ ಸಂಖ್ಯೆ.

3. ವಿವರ ತುಂಬೋದು. ಶೀರ್ಷಿಕೆ, ಲೇಖಕ, ಮಾರ್ಗದರ್ಶಕ, ವಿಭಾಗ, ವರ್ಷ, ವಿಷಯ ಪದಗಳು, ಸಾರಾಂಶ ಇಷ್ಟೂ ಪ್ರತಿ ದಾಖಲೆಗೆ ಬೇಕು. ಮೆಟಾಡೇಟಾ ಅಂತ ಹೇಳೋದು ಇದಕ್ಕೇ. ಕಿರಾಣಿ ಅಂಗಡಿಯ ಡಬ್ಬಿಗೆ ಚೀಟಿ ಅಂಟಿಸಿದ ಹಾಗೆ. ಡಬ್ಬಿ ನೂರಿದ್ದು ಚೀಟಿ ಇಲ್ಲದಿದ್ದರೆ ಜೀರಿಗೆ ಯಾವುದು, ಸೋಂಪು ಯಾವುದು ಅಂತ ಪ್ರತಿ ಸಲ ಮುಚ್ಚಳ ತೆಗೆದು ನೋಡಬೇಕು.

4. ಯಾವ ಪ್ರತಿ ಹಾಕಬಹುದು? ಜರ್ನಲ್‌ನಲ್ಲಿ ಅಚ್ಚಾದ ಪಿಡಿಎಫ್ ಹಕ್ಕು ಸಾಮಾನ್ಯವಾಗಿ ಪ್ರಕಾಶಕರ ಹತ್ತಿರ ಇರುತ್ತೆ. ಅದನ್ನೇ ಎತ್ತಿ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರಬಹುದು. ಆದ್ರೆ ಒಪ್ಪಿಗೆಯಾದ ಹಸ್ತಪ್ರತಿಯನ್ನು, ಅಂದರೆ ಪ್ರಕಾಶಕರು ಪುಟ ಕಟ್ಟುವ ಮುಂಚಿನ ಲೇಖಕರ ಕೊನೆಯ ಪ್ರತಿಯನ್ನು ಹಾಕಲು ಬಹಳಷ್ಟು ಜರ್ನಲ್‌ಗಳು ಬಿಡುತ್ತವೆ, ಕೆಲವು ತಿಂಗಳು ಕಾದು ಅಂತ ಷರತ್ತು ಇರುತ್ತೆ. ಯಾವ ಜರ್ನಲ್ ಏನು ಹೇಳುತ್ತೆ ಅಂತ ನೋಡಲು ಹಿಂದೆ ಶೆರ್ಪಾ ರೋಮಿಯೋ ಎಂಬ ಹೆಸರಿದ್ದ ಉಚಿತ ತಾಣ ಇದೆ. ಇಲ್ಲಿ ತೊಂದರೆ ಆಗೋದು ಎಲ್ಲಿ ಅಂದ್ರೆ, ನ್ಯಾಕ್ ವರ್ಷದಲ್ಲಿ ಕೇಳಿದಾಗ ಆ ಕೊನೆಯ ಪ್ರತಿ ಯಾರ ಹತ್ತಿರವೂ ಇರಲ್ಲ. ಹಳೇ ಲ್ಯಾಪ್‌ಟಾಪ್ ಜೊತೆ ಹೋಗಿರುತ್ತೆ. ಒಪ್ಪಿಗೆ ಪತ್ರ ಬಂದ ವಾರವೇ ಗ್ರಂಥಾಲಯಕ್ಕೆ ಕಳಿಸಿದರೆ ಈ ತಾಪತ್ರಯ ಇಲ್ಲ.

5. ಗಟ್ಟಿ ಲಿಂಕ್. ವೆಬ್‌ಸೈಟ್ ಬದಲಾದಾಗಲೆಲ್ಲ ಹಳೇ ಲಿಂಕ್ ಸಾಯುತ್ತವೆ. ಅದಕ್ಕೇ ರೆಪೊಸಿಟರಿ ಸಾಫ್ಟ್‌ವೇರ್‌ಗಳಲ್ಲಿ ಪ್ರತಿ ದಾಖಲೆಗೆ ಬದಲಾಗದ ಒಂದು ಸಂಖ್ಯೆ ಕೊಡುವ ವ್ಯವಸ್ಥೆ ಇದೆ. ಡಿಸ್ಪೇಸ್, ಈಪ್ರಿಂಟ್ಸ್ ಎರಡೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳು. ಶೋಧಗಂಗಾ ನಡೆಯೋದು ಡಿಸ್ಪೇಸ್ ಮೇಲೆ. ಹಣ ಬೇಕಾಗೋದು ಸರ್ವರ್‌ಗೆ, ಬ್ಯಾಕಪ್‌ಗೆ, ಎಲ್ಲಕ್ಕಿಂತ ಹೆಚ್ಚಾಗಿ ಕೂತು ತುಂಬುವ ಜನಕ್ಕೆ. ಗ್ರಂಥಪಾಲಕರ ಹುದ್ದೆ ಖಾಲಿ ಇರುವ ಕಡೆ ಸಾಫ್ಟ್‌ವೇರ್ ಇದ್ದೂ ಪ್ರಯೋಜನವಿಲ್ಲ.

ಕನ್ನಡ ಪ್ರಬಂಧಕ್ಕೆ ಎರಡು ಪಟ್ಟು ಕಷ್ಟ

ಈ ಎಲ್ಲದರಲ್ಲೂ ಹೆಚ್ಚು ನಷ್ಟ ಆಗ್ತಿರೋದು ಕನ್ನಡದಲ್ಲಿ ಬರೆದ ಸಂಶೋಧನೆಗೆ. ಕಾರಣ ಎರಡು.

ಒಂದು, ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಲ್ಲಿ ಇರೋದು ಬಹುಪಾಲು ಇಂಗ್ಲಿಷ್ ಜರ್ನಲ್‌ಗಳು. ತಾಲ್ಲೂಕಿನ ಶಾಸನ, ಜನಪದ, ಕೆರೆ, ಜಾತ್ರೆ, ಭೂಹೋರಾಟದ ಮೇಲೆ ಕನ್ನಡದಲ್ಲಿ ಎಷ್ಟೇ ಒಳ್ಳೆಯ ಕೆಲಸ ಆಗಿದ್ದರೂ ಆ ಸೂಚಿಗಳ ಕಣ್ಣಿಗೆ ಅದು ಬೀಳೋದು ಅಪರೂಪ. ಭಾರತೀಯ ಭಾಷೆಗಳ ಜರ್ನಲ್‌ಗಳಿಗೂ ಜಾಗ ಇದ್ದ ಯುಜಿಸಿ ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿತು. ಹಾಗಾಗಿ ಕನ್ನಡದ ಕೆಲಸ ಜಗತ್ತಿಗೆ ಕಾಣಬೇಕಾದರೆ ವಿಶ್ವವಿದ್ಯಾಲಯದ ಸ್ವಂತ ಭಂಡಾರವೇ ದಾರಿ.

ಎರಡು, ಫಾಂಟ್. ಹಳೆಯ ನುಡಿ, ಶ್ರೀಲಿಪಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪ್ರಬಂಧ ಓದೋಕೆ ಚೆನ್ನಾಗೇ ಕಾಣುತ್ತೆ. ಆದ್ರೆ ಅದರೊಳಗೆ ಕನ್ನಡದ ಅಕ್ಷರ ಇರಲ್ಲ. ಕಾಪಿ ಮಾಡಿ ಇನ್ನೊಂದು ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬೀಳುತ್ತೆ. ಗೂಗಲ್‌ನಲ್ಲಿ ‘ಕೆಳದಿ’ ಅಂತ ಹುಡುಕಿದರೆ ಆ ಪ್ರಬಂಧದೊಳಗಿನ ನೂರು ‘ಕೆಳದಿ’ಗಳಲ್ಲಿ ಒಂದೂ ಸಿಗಲ್ಲ. ಸ್ಕ್ಯಾನ್ ಮಾಡಿದ ಪುಟಗಳ ಕಥೆಯೂ ಇದೇ. ಅವು ಅಕ್ಷರದ ಫೋಟೋ, ಅಕ್ಷರ ಅಲ್ಲ.

ಪರಿಹಾರ ಇದೆ. ಹೊಸದಾಗಿ ಟೈಪ್ ಮಾಡೋದೆಲ್ಲ ಯೂನಿಕೋಡ್‌ನಲ್ಲೇ ಮಾಡಬೇಕು. ಹಳೆಯ ಫೈಲುಗಳನ್ನು ಪರಿವರ್ತಕ ತಂತ್ರಾಂಶದಿಂದ ಬದಲಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ಕಣ್ಣಾರೆ ನೋಡಬೇಕು. ಅಷ್ಟೂ ಆಗದಿದ್ದರೆ ಕನಿಷ್ಠ ಶೀರ್ಷಿಕೆ, ಸಾರಾಂಶ, ವಿಷಯ ಪದಗಳನ್ನು ಯೂನಿಕೋಡ್ ಕನ್ನಡದಲ್ಲೂ, ಇಂಗ್ಲಿಷ್‌ನಲ್ಲೂ ತುಂಬಿದರೆ ಹುಡುಕಾಟಕ್ಕೆ ಬಾಗಿಲು ತೆರೆದ ಹಾಗೆ.

ಪ್ರಬಂಧ ಟೈಪಿಂಗ್‌ಗೆ ಬಂದವರಿಗೆ ‘ಯೂನಿಕೋಡಾ, ಹಳೇ ನುಡಿಯಾ?’ ಅಂತ ಡಿಟಿಪಿ ಅಂಗಡಿಯವರು ಮೊದಲೇ ಕೇಳಿಬಿಟ್ಟರೆ ಮುಂದೆ ಯಾರೋ ಮಾಡಬೇಕಾದ ತಿಂಗಳುಗಟ್ಟಲೆ ಕೆಲಸ ಉಳಿಯುತ್ತೆ.

ರೆಡಿಮೇಡ್ ಪ್ರಾಜೆಕ್ಟ್ ಮಾರೋರು ಹುಷಾರು

ಹಳೇ ವಿದ್ಯಾರ್ಥಿಯ ಫೈಲ್ ತೆಗೆದು ಹೆಸರು ಬದಲಿಸಿ ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಪ್ರಬಂಧಗಳೆಲ್ಲ ಭಂಡಾರಕ್ಕೆ ಸೇರಿದ ಮೇಲೆ ತಂತ್ರಾಂಶ ಹೋಲಿಸಿ ನೋಡುತ್ತೆ. 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಪದವಿ ಬಂದ ಮೇಲೆ ಸಿಕ್ಕಿಬಿದ್ದರೂ ಬಿಡಲ್ಲ. ಅಂಗಡಿಗೆ ಸಿಗುವ ನಾಲ್ಕು ಕಾಸಿಗೆ ಮಕ್ಕಳ ವರ್ಷ ಹೋಗುತ್ತೆ.

ಬೇರೆ ದೇಶಗಳಲ್ಲಿ ಏನಾಯ್ತು?

ಬ್ರಿಟನ್‌ನಲ್ಲಿ ಸಂಶೋಧನೆಯ ಗುಣಮಟ್ಟ ಅಳೆಯುವ ಪದ್ಧತಿ 1986ರಿಂದ ಇದೆ. ಈಗ ಅದಕ್ಕೆ ಆರ್‌ಇಎಫ್ ಅಂತ ಹೆಸರು. 2021ರ ಸುತ್ತಿನಲ್ಲಿ 157 ಸಂಸ್ಥೆಗಳು ಭಾಗವಹಿಸಿದ್ದವು. ಆ ಸುತ್ತಿಗೆ ಒಂದು ಷರತ್ತು ಹಾಕಿದ್ರು. 2016ರ ಏಪ್ರಿಲ್ 1ರಿಂದ ಈಚೆಗೆ ಒಪ್ಪಿಗೆಯಾದ ಜರ್ನಲ್ ಲೇಖನಗಳನ್ನು ರೆಪೊಸಿಟರಿಗೆ ಹಾಕಿರಲೇಬೇಕು, ಒಪ್ಪಿಗೆ ಸಿಕ್ಕ 3 ತಿಂಗಳೊಳಗೆ ಹಾಕಬೇಕು ಅಂತ. ಕೆಲವು ವಿನಾಯಿತಿ ಬಿಟ್ಟರೆ, ಹಾಕದ ಲೇಖನ ಮೌಲ್ಯಮಾಪನಕ್ಕೆ ಅನರ್ಹ. ಐದು ವರ್ಷ ಮುಂಚೆಯೇ ದಿನದ ಲೆಕ್ಕ ಶುರುವಾದ್ದರಿಂದ ಹಾಕೋದು ಅಭ್ಯಾಸವೇ ಆಗಿಹೋಯ್ತು.

ಆಸ್ಟ್ರೇಲಿಯಾದ ಕಥೆ ಇನ್ನೊಂದು ಥರ. ಅಲ್ಲಿ ಆರ್‌ಕ್ಯೂಎಫ್ ಎಂಬ ಮೌಲ್ಯಮಾಪನಕ್ಕಾಗಿ ವಿಶ್ವವಿದ್ಯಾಲಯಗಳು ರೆಪೊಸಿಟರಿ ಕಟ್ಟತೊಡಗಿದ್ದವು, ಸರ್ಕಾರವೂ ಅದಕ್ಕೆ ಪ್ರತ್ಯೇಕ ಹಣ ಇಟ್ಟಿತ್ತು. 2007ರ ಕೊನೆಗೆ ಸರ್ಕಾರ ಬದಲಾಯ್ತು, ಆರ್‌ಕ್ಯೂಎಫ್ ರದ್ದಾಯ್ತು. ಬದಲಿಗೆ ಬಂದ ಇಆರ್‌ಎ ಮೌಲ್ಯಮಾಪನ 2010ರಲ್ಲಿ ನಡೆಯಿತು. ಅದನ್ನೂ ಈಗ ನಿಲ್ಲಿಸಿದ್ದಾರೆ. ಆದ್ರೆ ಕಟ್ಟಿದ ಭಂಡಾರಗಳು ಉಳಿದವು. ಜನ ಇವತ್ತಿಗೂ ಅವನ್ನು ಬಳಸ್ತಾ ಇದ್ದಾರೆ.

ಇಲ್ಲಿಗೂ ಇದೇ ಪಾಠ. ನ್ಯಾಕ್ ಪದ್ಧತಿಯೂ ಬದಲಾಗುತ್ತಿದೆ. ಗ್ರೇಡ್ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಅಂತಷ್ಟೇ ಹೇಳುವ ಬೈನರಿ ಪದ್ಧತಿ, ಅದರ ಮೇಲೆ 1ರಿಂದ 5ರವರೆಗಿನ ಹಂತಗಳನ್ನು ತರುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಅಳತೆಗೋಲು ಯಾವುದೇ ಬರಲಿ, ಅಳೆಯೋಕೆ ದಾಖಲೆ ಬೇಕೇ ಬೇಕು. ತಂಡ ಬರುವ ವರ್ಷ ಹಗಲು ರಾತ್ರಿ ಕೂತು ತುಂಬಿದ ಭಂಡಾರದಲ್ಲಿ ಹೆಸರು ತಪ್ಪು, ವರ್ಷ ತಪ್ಪು, ಅರ್ಧ ಫೈಲು ಕಾಣೆ. ತಿಂಗಳಿಗೆ ಹತ್ತರಂತೆ ತುಂಬಿದ ಭಂಡಾರಕ್ಕೆ ಯಾವ ತಂಡ ಬಂದರೂ ಭಯವಿಲ್ಲ.

ತಾಲ್ಲೂಕಿನವರಿಗೆ ಇದರಿಂದ ಏನು ಸಿಗುತ್ತೆ?

ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಕಾಯಿಲೆಗೆ ಊರಿನ ಹೆಸರೇ ನಿಂತಿದೆ. ಉಣ್ಣೆ ಕಚ್ಚಿಸಿಕೊಳ್ಳೋದು, ಜ್ವರದಲ್ಲಿ ಮಲಗೋದು ಮಲೆನಾಡಿನ ಜನ. ಅವರ ಮೇಲೆ, ಅವರ ಕಾಡಿನ ಮೇಲೆ ನಡೆದ ಅಧ್ಯಯನ ಅವರಿಗೇ ಸಿಗದಿದ್ದರೆ ಹೇಗೆ?

ಅಡಿಕೆಯ ಎಲೆಚುಕ್ಕೆ ರೋಗ, ಕೊಳೆ ರೋಗದ ವಿಷಯವೂ ಅಷ್ಟೇ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ‘ಕೃಷಿಕೋಶ’ ಎಂಬ ಪ್ರತ್ಯೇಕ ಭಂಡಾರವಿದೆ. ಯಾವ ಔಷಧಿ ಎಷ್ಟು ಅಂತರದಲ್ಲಿ ಹೊಡೆದಾಗ ಏನಾಯ್ತು ಅನ್ನೋ ಲೆಕ್ಕ ಇಂಥ ಪ್ರಬಂಧಗಳ ಕೋಷ್ಟಕಗಳಲ್ಲಿ ಇರುತ್ತೆ. ತೋಟದವರು ಅದನ್ನು ಇಟ್ಟುಕೊಂಡು ಕೃಷಿ ಇಲಾಖೆಯವರನ್ನೋ, ಗೊಬ್ಬರ ಔಷಧಿ ಅಂಗಡಿಯವರನ್ನೋ ಪ್ರಶ್ನೆ ಕೇಳಬಹುದು.

ಶೋಧಗಂಗಾದಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಮೊಬೈಲ್‌ನಲ್ಲೇ ತಾಣ ತೆರೆದು ವಿಶ್ವವಿದ್ಯಾಲಯದ ಹೆಸರು, ಆಮೇಲೆ ವಿಭಾಗ ಆರಿಸಿಕೊಂಡು ನೋಡಬಹುದು. ನಿಮ್ಮ ಊರಿನ ಹೆಸರನ್ನು ಇಂಗ್ಲಿಷ್‌ನಲ್ಲೂ, ಕನ್ನಡದಲ್ಲೂ ಹಾಕಿ ನೋಡಿ. ಇಂಗ್ಲಿಷ್‌ನಲ್ಲಿ ಊರ ಹೆಸರನ್ನು ಎರಡು ಮೂರು ಥರ ಬರೆಯೋರಿದ್ದಾರೆ, ಎಲ್ಲವನ್ನೂ ಹಾಕಬೇಕು. ಪ್ರಬಂಧ ಅಧ್ಯಾಯ ಅಧ್ಯಾಯವಾಗಿ ತೆರೆಯುತ್ತೆ. ಬೇಕಾದ ಅಧ್ಯಾಯ ಮಾತ್ರ ಪ್ರಿಂಟ್ ಹಾಕಿಸಿಕೊಂಡರೆ ಸಾಕು.

ಸಿಗದಿದ್ದರೆ ಏನು ಮಾಡಬೇಕು? ಆ ವಿಷಯದ ಮೇಲೆ ಪಿಎಚ್‌ಡಿ ಆಗಿದೆ ಅಂತ ಗೊತ್ತಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಶೀರ್ಷಿಕೆ, ವರ್ಷ ಬರೆದು ‘ಇದನ್ನು ಯಾಕೆ ಹಾಕಿಲ್ಲ?’ ಅಂತ ಕೇಳಬಹುದು. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಇರುವ ಊರಿನ ಹಿರಿಯರು, ವರ್ತಕರು, ಹಳೇ ವಿದ್ಯಾರ್ಥಿಗಳು ನ್ಯಾಕ್ ಸಭೆಯಲ್ಲಿ ಬಣ್ಣದ ಡಬ್ಬದ ಲೆಕ್ಕದ ಜೊತೆ ಇದನ್ನೂ ಕೇಳಬೇಕು: ‘ಈ ವರ್ಷ ಭಂಡಾರಕ್ಕೆ ಎಷ್ಟು ಸೇರಿದೆ? ಕನ್ನಡದ್ದು ಎಷ್ಟು?’

ನ್ಯಾಕ್ ತಂಡ ಒಂದೆರಡು ದಿನ ಇದ್ದು ಹೋಗುತ್ತೆ. ಕ್ಯಾಸನೂರಿನ ಕಾಡಿನ ಮೇಲೆ ಬರೆದ ಪ್ರಬಂಧ ಬೇಕಾಗೋದು ಮುಂದಿನ ಬೇಸಿಗೆಯಲ್ಲಿ ದರಕು ತರಲು ಕಾಡಿಗೆ ಹೋಗುವವರಿಗೆ.